ಗಿರಣಿ ಗೇಟಿನಾಚೆಯ ಚರಿತ್ರೆ

ದಾವಣಗೆರೆಯ ಕಾರ್ಮಿಕ ಚಳವಳಿಯ ಕಥೆ ಹೇಳುವವರೆಲ್ಲ ಗಿರಣಿಯ ಗೇಟಿನಿಂದಲೇ ಶುರು ಮಾಡುತ್ತಾರೆ. ಸೈರನ್ ಕೂಗುತ್ತದೆ, ಪಾಳಿ ಬಿಡುತ್ತದೆ, ತಲೆಗೆ ಮೈಗೆ ಹತ್ತಿ ಅಂಟಿಸಿಕೊಂಡ ಗಂಡಸರು ಹೊರಗೆ ಬರುತ್ತಾರೆ. ಗೇಟಿನ ಮುಂದೆ ಕೆಂಬಾವುಟ, ಭಾಷಣ, ಘೋಷಣೆ. ಈ ಚಿತ್ರ ಸುಳ್ಳಲ್ಲ. ದಾವಣಗೆರೆ ಕಾಟನ್ ಮಿಲ್ಲು, ಶಂಕರ್ ಮಿಲ್ಲು, ಗಣೇಶರ ಮಿಲ್ಲು, ಚಂದ್ರೋದಯ, ಆಂಜನೇಯ, ಎಲ್ಲಮ್ಮ ಮಿಲ್ಲು—ಇಷ್ಟು ಹೊಗೆಕೊಳವೆ ಇದ್ದ ಊರನ್ನು ಜನ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆದರು. ಧಣಿಗಳು ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡರು. ಆದರೆ ಅದೇ ಊರಿನ ಜನ 1978, 1983, 1985—ಮೂರು ಸಲ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು. ಜಾತಿಬಲ, ಹಣಬಲ ಎರಡೂ ಇದ್ದ ಊರಿನಲ್ಲಿ ಕೆಂಬಾವುಟ ಹಿಡಿದವನು ಮೂರು ಸಲ ಗೆಲ್ಲುವುದೆಂದರೆ ಅದು ಸಣ್ಣ ಮಾತಲ್ಲ. ಅದು ಗಿರಣಿ ಕಾರ್ಮಿಕರ ಒಗ್ಗಟ್ಟಿನ ಗೆಲುವು.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಈ ಚಿತ್ರದಲ್ಲಿ ಹೆಂಗಸು ಎಲ್ಲಿ?

ಅವಳು ಇದ್ದಳು. ಗೇಟಿನ ಒಳಗೂ ಇದ್ದಳು, ಹೊರಗೂ ಇದ್ದಳು. ಮುಷ್ಕರ ವಾರವಾಗಿ, ತಿಂಗಳಾಗಿ ಬೆಳೆದಾಗ ಒಲೆ ಹೊತ್ತಿಸಿದವಳು ಯಾರು? ಅಂಗಡಿಯವನ ಹತ್ತಿರ ಉದ್ರಿ ಕೇಳಿ ಬೈಸಿಕೊಂಡವಳು ಯಾರು? ಗಂಡನ ಪಗಾರ ನಿಂತಾಗ ಬೀಡಿ ಕಟ್ಟಿ, ಮಂಡಕ್ಕಿ ಭಟ್ಟಿಗೆ ಹೋಗಿ, ಮನೆಮನೆಯ ಮುಸುರೆ ತಿಕ್ಕಿ ಮಕ್ಕಳ ಹೊಟ್ಟೆಗೆ ಹಾಕಿದವಳು ಯಾರು? ಗಂಡಸಿನ ಮುಷ್ಕರ ನಿಂತದ್ದು ಹೆಂಗಸಿನ ಕೂಲಿಯ ಮೇಲೆ. ಯೂನಿಯನ್ನಿನ ರಸೀದಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರಿಲ್ಲ. ಅವಳು 'ಕಾರ್ಮಿಕನ ಹೆಂಡತಿ'. ಕಾರ್ಮಿಕಳಲ್ಲ.

ದಾವಣಗೆರೆ–ಹರಿಹರದ ದುಡಿಯುವ ಹೆಣ್ಣುಮಕ್ಕಳ ಯೂನಿಯನ್ ಚರಿತ್ರೆ ಅಂದರೆ ಮೊದಲಿಗೆ ಇದೇ: 'ನಾನೂ ಕಾರ್ಮಿಕಳು' ಅನ್ನುವ ಒಂದು ಮಾತನ್ನು ಒಪ್ಪಿಸುವ ಹೋರಾಟ. ಗಂಡಸು ಕೂಲಿ ಹೆಚ್ಚಿಸಿ ಅಂತ ಕೇಳುವಾಗ ಹೆಂಗಸು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ನನ್ನದು ಕೂಲಿ ಅಂತ ಒಪ್ಪಿಕೊಳ್ಳಿ ಅಂತ ಕೇಳಬೇಕಾಯಿತು. ಮಾಲೀಕನಿಗೆ, ಸರ್ಕಾರಕ್ಕೆ, ಕೋರ್ಟಿಗೆ ಕೇಳಬೇಕಾಯಿತು. ನಮ್ಮದೇ ಯೂನಿಯನ್ನಿಗೂ ಕೇಳಬೇಕಾಯಿತು.

1

ಮೊದಲು ಗಿರಣಿಯ ಒಳಗಿನ ಮಾತು. ನಮ್ಮ ದೇಶದ ನೂಲಿನ ಗಿರಣಿಗಳಲ್ಲಿ ಹೆಂಗಸರಿಗೆ ಸಿಗುತ್ತಿದ್ದದ್ದು ರೀಲಿಂಗು, ವೈಂಡಿಂಗು, ಹತ್ತಿ ಆರಿಸುವುದು, ಕಸರು ಗುಡಿಸುವುದು. ಯಂತ್ರ ಓಡಿಸುವ ಕೆಲಸ ಗಂಡಸರದು, ಯಂತ್ರ ಉದುರಿಸಿದ್ದನ್ನು ಬಳಿಯುವ ಕೆಲಸ ಹೆಂಗಸರದು. ಹೊಸ ಯಂತ್ರ ಬಂದಾಗ ಮೊದಲು ಹೋದದ್ದು ಈ ಕೆಲಸಗಳೇ.

1948ರ ಕಾರ್ಖಾನೆ ಕಾಯ್ದೆ ಬಂತು. ಹೆಂಗಸರನ್ನು ಸಂಜೆ 7ರ ಮೇಲೆ, ಬೆಳಿಗ್ಗೆ 6ರ ಒಳಗೆ ದುಡಿಸಬಾರದು ಅಂದಿತು. ಇಂತಿಷ್ಟು ಹೆಂಗಸರಿದ್ದರೆ ಮಕ್ಕಳನ್ನು ಬಿಡಲು ಒಂದು ಕೋಣೆ ಇರಬೇಕು ಅಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರ ಸಂಬಳದ ರಜೆ ಕೊಡಿ ಅಂದಿತು. ಒಳ್ಳೆಯ ಕಾನೂನುಗಳೇ. ಆದರೆ ಮಾಲೀಕ ಲೆಕ್ಕದವನು. ಹೆಂಗಸನ್ನು ಇಟ್ಟುಕೊಂಡರೆ ರಾತ್ರಿ ಪಾಳಿಗೆ ಬರೋಲ್ಲ, ಕೂಸಿನ ಕೋಣೆ ಕಟ್ಟಬೇಕು, ಹೆರಿಗೆಗೆ ದುಡ್ಡು ಕೊಡಬೇಕು. ಹೆಂಗಸನ್ನೇ ಇಟ್ಟುಕೊಳ್ಳದಿದ್ದರೆ ಈ ಯಾವ ತಂಟೆಯೂ ಇಲ್ಲ. ಹೀಗೆ ಹೆಣ್ಣನ್ನು ಕಾಪಾಡಲು ಬಂದ ಕಾನೂನನ್ನೇ ನೆಪ ಮಾಡಿಕೊಂಡು ಅವಳನ್ನು ಹೊರಗೆ ಹಾಕಿದರು. 1974ರಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಹೆಂಗಸರ ಸ್ಥಿತಿಗತಿಯ ಬಗ್ಗೆ 'ಸಮಾನತೆಯ ಕಡೆಗೆ' ಅನ್ನುವ ವರದಿ ಕೊಟ್ಟಾಗ, ಬಟ್ಟೆ ಗಿರಣಿಗಳಂಥ ಹಳೆಯ ಉದ್ಯಮಗಳಲ್ಲಿ ಹೆಂಗಸರ ಪಾಲು ಕುಗ್ಗುತ್ತಲೇ ಬಂದಿರುವುದನ್ನು ಎತ್ತಿ ತೋರಿಸಿತು. ಈ ಹೊರಹಾಕುವಿಕೆಯ ವಿರುದ್ಧ ಮುಷ್ಕರಗಳು ಆದದ್ದು ಕಡಿಮೆ. ಗಂಡಸರ ಕೆಲಸ ಉಳಿದರೆ ಸಾಕು ಅನ್ನುವ ಮಾತು ಯೂನಿಯನ್ನುಗಳ ಒಳಗೂ ಇತ್ತು.

ಇದರ ಜೊತೆಗೆ ಜಾತಿ. ಮುಂಬಯಿಯ ಗಿರಣಿಗಳಲ್ಲಿ ಒಳ್ಳೆಯ ಕೂಲಿ ಸಿಗುತ್ತಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕು, ಹೊಲೆಯರ ಎಂಜಲು ಮುಟ್ಟುವುದು ಹೇಗೆ ಅನ್ನುವುದು ಜೊತೆ ಕಾರ್ಮಿಕರದೇ ತಕರಾರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಯೂನಿಯನ್ ಮುಖಂಡರ ಮುಂದೆ ಇಟ್ಟರು. ಅದೇ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅದರ ಪರವಾಗಿ ನಿಂತು ಮಾತಾಡಿದವರೂ ಅವರೇ. ಒಂದೇ ವರ್ಷ, ಎರಡು ಪ್ರಶ್ನೆ. ನೂಲಿನ ಎಂಜಲಿನ ಪ್ರಶ್ನೆ, ಬಸುರಿಯ ಕೂಲಿಯ ಪ್ರಶ್ನೆ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ನಮ್ಮ ಶತ್ರು ಎರಡು, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಅಂತ ಹೇಳುವ ಹತ್ತು ವರ್ಷ ಮೊದಲೇ ಅವರು ಆ ಎರಡನ್ನೂ ಕೂಡಿಸಿ ನೋಡಿದ್ದರು. ನಮ್ಮ ಕಾರ್ಮಿಕ ಚರಿತ್ರೆ ಬರೆದವರು ಬಹಳ ಕಾಲ ಇವನ್ನು ಬೇರೆ ಬೇರೆ ಗೂಟಕ್ಕೆ ಕಟ್ಟಿದರು.

ಇವತ್ತು ದಾವಣಗೆರೆಯ ಗಿರಣಿಗಳ ಕಾಲ ಮುಗಿದಿದೆ. ಕಾಟನ್ ಮಿಲ್ಲಿನ ಹೆಸರು ಡಿ.ಸಿ.ಎಂ. ಟೌನ್‌ಶಿಪ್ ಅನ್ನುವ ಬಡಾವಣೆಯ ಹೆಸರಾಗಿ ಉಳಿದಿದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟ ಕಾರ್ಖಾನೆ, ಈ ಶತಮಾನದ ಹೊಸ್ತಿಲಲ್ಲಿ ಬಾಗಿಲು ಹಾಕಿತು. ಗೇಟು ಹೋಯಿತು, ಗೇಟ್ ಮೀಟಿಂಗೂ ಹೋಯಿತು. ಹಾಗಾದರೆ ಈ ಊರುಗಳಲ್ಲಿ ಕಾರ್ಮಿಕ ಚಳವಳಿ ಸತ್ತಿತೇ? ಇಲ್ಲ. ಅದು ಯಾವ ಮನೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೋ ಆ ಮನೆಗಳಲ್ಲಿ ಬದುಕಿತ್ತು.

2

ಆಜಾದ್ ನಗರ, ಬಾಷಾ ನಗರದ ಓಣಿಗಳಿಗೆ ಹೋಗಿ. ಹರಿಹರದ ಬಡವರ ಕೇರಿಗಳಿಗೆ ಹೋಗಿ. ಹೊಸ್ತಿಲಲ್ಲಿ, ಪಡಸಾಲೆಯಲ್ಲಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳು. ಹೆಚ್ಚಿನವರು ಮುಸಲ್ಮಾನರ ಮನೆಯವರು, ಜೊತೆಗೆ ದಲಿತರು, ಹಿಂದುಳಿದ ಜಾತಿಯವರು. ಎಲೆ ನೆನೆಹಾಕಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುರುಳಬೇಕು, ದಾರ ಸುತ್ತಬೇಕು, ತುದಿ ಮಡಚಬೇಕು. ಇಂಥವು ಸಾವಿರವಾದರೆ ಒಂದು ಲೆಕ್ಕ. ಕೆಮ್ಮು, ಬೆನ್ನುನೋವು, ಕಣ್ಣುರಿ ಲೆಕ್ಕಕ್ಕಿಲ್ಲ. 'ಏನು ಕೆಲಸ ಮಾಡ್ತೀಯವ್ವ?' ಅಂತ ಕೇಳಿದರೆ 'ಏನಿಲ್ಲ, ಮನೇಲೇ ಇರ್ತೀನಿ' ಅಂತಾಳೆ. ಕೈ ಮಾತ್ರ ನಿಂತಿರುವುದಿಲ್ಲ.

ಬೀಡಿ ಮೊದಲಿನಿಂದಲೂ ಇಷ್ಟು ಮಟ್ಟಿಗೆ ಮನೆಯ ಕೆಲಸವಾಗಿರಲಿಲ್ಲ. ಬೀಡಿ ಶೆಡ್ಡುಗಳಿದ್ದವು, ಅಲ್ಲಿ ಒಟ್ಟಿಗೆ ಕೂತು ಕಟ್ಟುವವರಿದ್ದರು, ಒಟ್ಟಿಗೆ ಕೂತಲ್ಲಿ ಯೂನಿಯನ್ನೂ ಹುಟ್ಟುತ್ತಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಪರವಾನಗಿ, ಕೆಲಸದ ಹೊತ್ತು, ವಾರದ ರಜೆ, ಹೆರಿಗೆ ಸೌಲಭ್ಯ ಎಲ್ಲವನ್ನೂ ಅದು ಹೇಳಿತು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ, ನಡುವೆ ಕಂಟ್ರಾಕ್ಟರ್ ಇದ್ದರೂ ಬೀಡಿಗೆ ಲೇಬಲ್ ಹಚ್ಚುವ ದೊಡ್ಡ ಮಾಲೀಕನೇ ಹೊಣೆ ಅಂದಿತು. ಮಾಲೀಕರು ಸುಮ್ಮನಿರಲಿಲ್ಲ. ಕೇರಳ ಈ ಕಾಯ್ದೆ ಜಾರಿ ಮಾಡಲು ಹೊರಟಾಗ ಮಂಗಳೂರು ಗಣೇಶ್ ಬೀಡಿಯವರು 1968ರಲ್ಲಿ ಕಣ್ಣೂರಿನ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. ಆ ಬೀದಿಗೆ ಬಿದ್ದವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಉಳಿದ ಕಡೆಗಳಲ್ಲಿ ಶೆಡ್ಡುಗಳು ಮುಚ್ಚುತ್ತಾ ಹೋದವು, ಎಲೆ–ಹೊಗೆಸೊಪ್ಪು ಕಂಟ್ರಾಕ್ಟರನ ಚೀಲದಲ್ಲಿ ಮನೆಮನೆಗೆ ಬಂತು. ಶೆಡ್ಡಿನ ಗಂಡಸಿನ ಜಾಗಕ್ಕೆ ಮನೆಯ ಹೆಂಗಸು ಬಂದಳು. ಯಾಕೆಂದರೆ ಅವಳು ಒಬ್ಬಳೇ, ಅವಳಿಗೆ ಹೊರಗೆ ಹೋಗುವ ಹಾಗಿಲ್ಲ, ಅವಳು ಕೊಟ್ಟಷ್ಟು ತಗೊಳ್ತಾಳೆ.

ಮಾಲೀಕರು ಸುಪ್ರೀಂ ಕೋರ್ಟಿಗೂ ಹೋದರು. ಮನೆಯಲ್ಲಿ ಇಷ್ಟ ಬಂದ ಹೊತ್ತಿಗೆ ಕಟ್ಟುವವಳು ನಮ್ಮ ಕೆಲಸಗಾರಳು ಹೇಗಾಗ್ತಾಳೆ ಅನ್ನುವ ವಾದ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕೊಟ್ಟ ಬೀಡಿಯಲ್ಲಿ ಸರಿಯಿಲ್ಲ ಅಂತ ತೆಗೆದು ಬಿಸಾಡುವ 'ಛಾಟ್' ಪದ್ಧತಿಗೆ ಹಾಕಿದ ಮಿತಿಯನ್ನೂ ಎತ್ತಿಹಿಡಿಯಿತು. ಛಾಟ್ ಅಂದರೆ ಏನು ಅಂತ ಬೀಡಿ ಕಟ್ಟುವವರನ್ನೇ ಕೇಳಬೇಕು. ಸಾವಿರ ಕಟ್ಟಿ ಒಯ್ದರೆ ಇಷ್ಟು ಕೆಟ್ಟಿದೆ ಅಂತ ತೆಗೆಯುತ್ತಾನೆ, ಅದರ ಮಜೂರಿ ಇಲ್ಲ, ತೆಗೆದ ಬೀಡಿ ಮಾತ್ರ ವಾಪಸು ಬರುವುದಿಲ್ಲ. ಎಲೆ ಕಡಿಮೆ ತೂಗಿ ಕೊಟ್ಟು ಪೂರಾ ಸಾವಿರ ಕೇಳುತ್ತಾನೆ. ಕಮ್ಮಿ ಬಿದ್ದ ಎಲೆಯನ್ನು ಇವಳು ತನ್ನ ದುಡ್ಡಿನಲ್ಲಿ ಕೊಳ್ಳಬೇಕು. ಇವು ಸಣ್ಣ ಸಣ್ಣ ಕಳವು. ಆದರೆ ಸಾವಿರ ಮನೆಗಳಲ್ಲಿ ದಿನಾಲೂ ನಡೆಯುವ ಸಣ್ಣ ಕಳವು ಕೂಡಿದರೆ ಒಂದು ಬಂಗಲೆ ಆಗುತ್ತದೆ.

ಕಾನೂನು ಪುಸ್ತಕದಲ್ಲಿ ಗೆದ್ದರೆ ಮನೆಯಲ್ಲಿ ಗೆದ್ದಹಾಗಲ್ಲ. ಇಲ್ಲಿ ಯೂನಿಯನ್ನಿನ ನಿಜವಾದ ಕೆಲಸ ಶುರುವಾಗುತ್ತದೆ. ಬೀಡಿ ಯೂನಿಯನ್ನಿನ ಹೋರಾಟದ ಆಯುಧ ಕಲ್ಲಲ್ಲ, ಕಾಗದ. ಲಾಗ್‌ಬುಕ್ಕಿನಲ್ಲಿ ಎಷ್ಟು ಎಲೆ ಬಂತು, ಎಷ್ಟು ಬೀಡಿ ಹೋಯಿತು ಅಂತ ಅವಳ ಹೆಸರಿನಲ್ಲೇ ಬರೆಸುವುದು. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯ ಪ್ರಕಾರ ಗುರುತಿನ ಚೀಟಿ ಮಾಡಿಸುವುದು. ಆ ಚೀಟಿ ಇದ್ದರೆ ಔಷಧಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೆ ಸಹಾಯಧನ. ಇಲ್ಲದಿದ್ದರೆ ಅವಳು ಮನೇಲಿರುವವಳು ಅಷ್ಟೆ. ಎಷ್ಟೋ ಕಡೆ ಕೆಲಸ ಇವಳದು, ಪುಸ್ತಕದಲ್ಲಿ ಹೆಸರು ಗಂಡನದು ಅಥವಾ ಮಾವನದು. ಹಾಗಾಗಿ ಪುಸ್ತಕದಲ್ಲಿ ಹೆಸರು ಬದಲಾಯಿಸಿ ಅಂತ ಕೇಳುವುದು ಕಂಟ್ರಾಕ್ಟರನ ವಿರುದ್ಧದ ಹೋರಾಟವೂ ಹೌದು, ಮನೆಯೊಳಗಿನ ಹೋರಾಟವೂ ಹೌದು. ದಾವಣಗೆರೆಯಲ್ಲಿ 'ನೆರಳು' ಎಂಬ ಹೆಸರಿನ ಬೀಡಿ ಕಾರ್ಮಿಕರ ಯೂನಿಯನ್ನನ್ನು ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸಿದರು. ಬುರ್ಖಾ ಹಾಕಿಕೊಂಡ ಹೆಂಗಸರು ಬಾವುಟ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತರೆ, 'ಇವರಿಗೂ ಯೂನಿಯನ್ನಾ?' ಅಂತ ಮೂಗು ಮುರಿಯುವವರಿದ್ದಾರೆ. ಇವರಿಗಲ್ಲದೆ ಮತ್ತಾರಿಗೆ?

ಇದೇ ಮಾತು ಮಂಡಕ್ಕಿ ಭಟ್ಟಿಗೂ ಸಲ್ಲುತ್ತದೆ. ದಾವಣಗೆರೆಯ ಮಂಡಕ್ಕಿ–ಮೆಣಸಿನಕಾಯಿ ಬಾಯಲ್ಲಿ ನೀರೂರಿಸುತ್ತದೆ. ಆದರೆ ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿಯುವ ಆ ಭಟ್ಟಿಯ ಬೆಂಕಿ ಹೊಗೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಕೂಡಿ ಬೇಯುತ್ತಾರೆ. ಕೂಲಿ ಮಾತ್ರ ಕುಟುಂಬಕ್ಕೆ, ಅಂದರೆ ಗಂಡಸಿನ ಕೈಗೆ. 1976ರ ಸಮಾನ ವೇತನ ಕಾಯ್ದೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂದಿತ್ತು. ಹೆಂಗಸಿಗೆ ಬೇರೆ ಕೂಲಿಯೇ ಇಲ್ಲದ ಕಡೆ ಯಾವುದಕ್ಕೆ ಯಾವುದನ್ನು ಸಮ ಮಾಡುವುದು?

3

ಹರಿಹರ ಅಂದರೆ ನಮ್ಮ ಚಳವಳಿಗೆ ಇನ್ನೊಂದು ನಂಟಿದೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದು ಅಲ್ಲಿ. ಮೇಷ್ಟ್ರಾಗಿ ಹೋಗಿ ನೆಲೆಸಿದ್ದು ಇನ್ನೊಂದು ಕಾರ್ಖಾನೆಯ ಊರಿನಲ್ಲಿ, ಭದ್ರಾವತಿಯಲ್ಲಿ. ಡಿ.ಎಸ್.ಎಸ್. ಊರೂರು ತಿರುಗಿದ ಮೇಲೆ ಯೂನಿಯನ್ನುಗಳು ಕೇಳದಿದ್ದ ಪ್ರಶ್ನೆಗಳು ಕೇಳಿಬಂದವು. ಅದರಲ್ಲಿ ಒಂದು: ಪೊರಕೆ ಹಿಡಿದವಳು ಕಾರ್ಮಿಕಳಲ್ಲವೇ?

ಊರು ಕಣ್ಣು ಬಿಡುವ ಮೊದಲೇ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅವರಲ್ಲಿ ಹೆಂಗಸರೇ ಬಹಳ. 1970ರ ದಶಕದಲ್ಲಿ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದರು. 1972ರಲ್ಲಿ ನೇಮಕವಾದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು; 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಹೇಳಿತು. ಆ ವರದಿಯನ್ನು ಜಾರಿಗೆ ತರಿ ಅಂತ ಪೌರಕಾರ್ಮಿಕರು ದಶಕಗಟ್ಟಲೆ ಕೇಳಿದರು. ಸರ್ಕಾರ ಕೊಟ್ಟದ್ದು ಗುತ್ತಿಗೆ ಪದ್ಧತಿ. ಗುತ್ತಿಗೆದಾರನ ಕೈಕೆಳಗೆ ರಜೆ ಇಲ್ಲ, ಹೆರಿಗೆಗೆ ಬಿಡುವಿಲ್ಲ, ಮಳೆಗೂ ಬಿಸಿಲಿಗೂ ಬರಿಗೈ. 2022ರ ಜುಲೈ 1ರಿಂದ ನಾಲ್ಕು ದಿನ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಊರು ನಾರತೊಡಗಿದ ಮೇಲೆ ಸರ್ಕಾರ ಮಾತಿಗೆ ಕರೆಯಿತು. ಆ ಸೆಪ್ಟೆಂಬರಿನಲ್ಲಿ 11,133 ಜನರನ್ನು ಕಾಯಂ ಮಾಡಲು ಸಂಪುಟ ಒಪ್ಪಿತು. ನಾಲ್ಕೇ ದಿನ. ಗಿರಣಿ ನಿಂತರೆ ಮಾಲೀಕನಿಗೆ ಗೊತ್ತಾಗುತ್ತಿತ್ತು, ಪೊರಕೆ ನಿಂತರೆ ಊರಿಗೇ ಗೊತ್ತಾಗುತ್ತದೆ. ಈ ಬಲ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಇತ್ತು ಅಂತ ತಿಳಿಯಲು ಇಷ್ಟು ವರ್ಷ ಬೇಕಾಯಿತು.

4

ಇನ್ನು ಸರ್ಕಾರವೇ ಮಾಲೀಕನಾದ ಕಥೆ. 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಅಂಗನವಾಡಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲಿಗೆ ತಿ. ನರಸೀಪುರದಲ್ಲಿ. ಮಕ್ಕಳಿಗೆ ಊಟ, ಆಟ–ಪಾಠ, ಬಸುರಿ ಬಾಣಂತಿಯರ ಲೆಕ್ಕ, ಚುಚ್ಚುಮದ್ದು, ಮೇಲಿಂದ ಸರ್ಕಾರದ ಎಲ್ಲ ಸಮೀಕ್ಷೆ. ಇಷ್ಟಕ್ಕೆ ಮೊದಲಿಗೆ ತಿಂಗಳಿಗೆ 100 ರೂಪಾಯಿ, ಮೆಟ್ರಿಕ್ ಪಾಸಾಗಿದ್ದರೆ 150. ಅದಕ್ಕೆ ಸಂಬಳ ಅನ್ನಲಿಲ್ಲ, 'ಗೌರವಧನ' ಅಂದರು. ಎಂಥ ಮೋಸದ ಪದ! ಗೌರವವೂ ಇಲ್ಲ, ಧನವೂ ಇಲ್ಲ. ದಲಿತ ಹೆಣ್ಣು ಅಂಗನವಾಡಿಯಲ್ಲಿ ಅಡಿಗೆ ಮಾಡಿದರೆ ಮೇಲ್ಜಾತಿಯವರು ಮಕ್ಕಳನ್ನು ಕಳಿಸದ ಊರುಗಳು ಇರುವಾಗ ಗೌರವ ಯಾವುದು?

ಅಂಗನವಾಡಿಯವರು ಸಂಘ ಕಟ್ಟಿದರು. ಎ.ಐ.ಟಿ.ಯು.ಸಿ., ಸಿ.ಐ.ಟಿ.ಯು. ಎರಡರ ಬಾವುಟದಡಿಯೂ ಸೇರಿದರು. ಒಂದು ಕಾಲಕ್ಕೆ ಗಿರಣಿಯವರಿಂದ ತುಂಬಿದ್ದ ದಾವಣಗೆರೆಯ ಕೆಂಬಾವುಟದ ಮೆರವಣಿಗೆ, ಆಮೇಲೆ ಅಂಗನವಾಡಿ, ಬಿಸಿಯೂಟ, ಆಶಾ ಹೆಣ್ಣುಮಕ್ಕಳಿಂದ ತುಂಬಿತು. ಆದರೆ ಕೋರ್ಟು? ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬೀ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಅಂಗನವಾಡಿಯವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ. ನೋಡಿ, 1974ರಲ್ಲಿ ಬೀಡಿ ಮಾಲೀಕ ಖಾಸಗಿಯವನಾಗಿದ್ದಾಗ, ಮನೆಯಲ್ಲಿ ದುಡಿಯುವವಳೂ ಕಾರ್ಮಿಕಳು ಅನ್ನುವ ಕಾಯ್ದೆ ಗೆದ್ದಿತು. 2006ರಲ್ಲಿ ಸರ್ಕಾರವೇ ಎದುರು ನಿಂತಾಗ, ಮೂವತ್ತು ವರ್ಷ ಸರ್ಕಾರದ ಕೆಲಸ ಮಾಡಿದವಳು ಸರ್ಕಾರದವಳಲ್ಲ ಅಂತಾಯಿತು. ಎರಡೂ ನಮ್ಮ ನಾಡಿನ ಪ್ರಕರಣಗಳೇ.

ಅವರು ಮನೆಗೆ ಹೋಗಿ ಕೂರಲಿಲ್ಲ. 2013ರ ಮೇ ತಿಂಗಳಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದೇ ಗುರುತಿಸಬೇಕು ಅಂತ ಶಿಫಾರಸು ಮಾಡಿತು. 2017ರ ಮಾರ್ಚಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನ ಬಳಿ ಹಗಲು ರಾತ್ರಿ ರಸ್ತೆಯಲ್ಲೇ ಮಲಗಿದರು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಸುಪ್ರೀಂ ಕೋರ್ಟು, ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲುತ್ತದೆ, ಗೌರವಧನ ಅಂತ ಕರೆದರೂ ಅದು ಕೂಲಿಯೇ ಅಂದಿತು. ಒಂದು ಪದ ಬದಲಾಗಲು 47 ವರ್ಷ.

5

ಈಗ ನಮ್ಮ ಮನೆಯ ಮಾತು. ಮಾಲೀಕನನ್ನು, ಸರ್ಕಾರವನ್ನು ಬೈದಷ್ಟು ಸುಲಭವಾಗಿ ನಮ್ಮನ್ನು ನಾವು ಬೈದುಕೊಳ್ಳುವುದಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಯೂನಿಯನ್ನು ನೋಂದಾಯಿಸಬಹುದಿತ್ತು. ಆ ಏಳು ಹೆಸರಿನಲ್ಲಿ ಹೆಂಗಸಿನ ಹೆಸರು ಎಷ್ಟು ಸಲ ಇತ್ತು? ಮೆರವಣಿಗೆಯಲ್ಲಿ ಮುಂದೆ ಹೆಂಗಸರು, ವೇದಿಕೆಯ ಮೇಲೆ ಗಂಡಸರು. ಮೀಟಿಂಗು ಸಂಜೆ ಏಳಕ್ಕೆ ಇಡುತ್ತೇವೆ, ಆಗ ಅವಳು ಒಲೆ ಮುಂದೆ ಇರುತ್ತಾಳೆ. ಆಮೇಲೆ 'ಹೆಂಗಸ್ರು ಮೀಟಿಂಗಿಗೇ ಬರಲ್ಲ ಕಣ್ರೀ' ಅಂತೀವಿ. ಯೂನಿಯನ್ ಆಫೀಸಿನಲ್ಲಿ ಅವಳಿಗೊಂದು ಪಾಯಖಾನೆ ಇರುವುದಿಲ್ಲ. ಮೇಲಧಿಕಾರಿ ಕೈ ಹಿಡಿದು ಎಳೆದ ಅಂತ ಅವಳು ಬಂದರೆ 'ಅದು ಬೇರೆ ವಿಷಯ, ಮೊದಲು ಬೋನಸ್ ಆಗಲಿ' ಅಂತೀವಿ.

1972ರಲ್ಲಿ ಅಹಮದಾಬಾದಿನಲ್ಲಿ ತಲೆಹೊರೆ ಹೊರುವ, ಬೀದಿಯಲ್ಲಿ ಮಾರುವ ಹೆಂಗಸರು 'ಸೇವಾ' ಸಂಘ ಕಟ್ಟಿದಾಗ, ನಿಮಗೆ ಮಾಲೀಕನೇ ಇಲ್ಲ, ಯೂನಿಯನ್ ಹೇಗೆ ಅಂತ ಕಾರ್ಮಿಕ ಇಲಾಖೆಯವರು ಕೇಳಿದರು. ಯೂನಿಯನ್ನು ಇರುವುದು ಮಾಲೀಕನ ವಿರುದ್ಧ ಮಾತ್ರವಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಅಂತ ವಾದಿಸಿ ಅವರು ನೋಂದಣಿ ಪಡೆದರು. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಪಿ.ಎಫ್. ಹಣ ತೆಗೆಯದಂತೆ ಮಾಡಿದ ನಿಯಮದ ವಿರುದ್ಧ ಬೀದಿಗೆ ಬಂದರು. ಯಾವ ಮುಖಂಡನೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು. ಹೆಂಗಸರಿಗೆ ತಿಳುವಳಿಕೆ ಇಲ್ಲ ಅನ್ನುವವರು ಈ ಎರಡು ದಿನವನ್ನು ಓದಬೇಕು.

ಇದೆಲ್ಲ ಹಳೆಯ ಕಥೆಯಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಬೀಡಿಯ ಮೇಲಿನ ಕಲ್ಯಾಣ ಸೆಸ್ ರದ್ದಾಯಿತು. ಕಲ್ಯಾಣ ನಿಧಿಗೆ ನೀರು ಬರುತ್ತಿದ್ದ ಕಾಲುವೆಯೇ ಮುಚ್ಚಿತು. 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1966ರ ಬೀಡಿ ಕಾಯ್ದೆ, 1961ರ ಹೆರಿಗೆ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, 1926ರ ಯೂನಿಯನ್ ಕಾಯ್ದೆ ಎಲ್ಲ ಅದರಲ್ಲಿ ಕರಗಿದವು. ಒಪ್ಪಿಗೆ ಇದ್ದರೆ ಹೆಂಗಸನ್ನು ರಾತ್ರಿ ಪಾಳಿಯಲ್ಲೂ ದುಡಿಸಬಹುದು ಅಂತಾಯಿತು. ಹಸಿದವಳ ಒಪ್ಪಿಗೆ ಎಂಥದು ಅಂತ ನಮಗೆ ಗೊತ್ತು. ಕಾರ್ಖಾನೆ ಅನ್ನಿಸಿಕೊಳ್ಳಲು ಮೊದಲು ವಿದ್ಯುತ್ ಇದ್ದರೆ 10, ಇಲ್ಲದಿದ್ದರೆ 20 ಜನ ಬೇಕಿತ್ತು. ಅದು 20 ಮತ್ತು 40 ಆಯಿತು. ಸಣ್ಣ ಭಟ್ಟಿ, ಸಣ್ಣ ಶೆಡ್ಡು ಕಾನೂನಿನ ಕಣ್ಣಿಗೆ ಇನ್ನಷ್ಟು ಸಣ್ಣದಾದವು. ಅಲ್ಲಿ ದುಡಿಯುವವಳು ಕಾರ್ಮಿಕಳೋ ಅಲ್ಲವೋ ಅನ್ನುವ ಹಳೆಯ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿದೆ.

ಗೆಳೆಯರೆ, ಮೇಷ್ಟ್ರುಗಳೆ, ವಿದ್ಯಾರ್ಥಿಗಳೆ, ಒಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಅಜ್ಜಿಯ ಹತ್ತಿರ ಕೂತು, ಅವಳ ಮೊದಲ ಲಾಗ್‌ಬುಕ್ಕು ಯಾರ ಹೆಸರಿನಲ್ಲಿತ್ತು ಅಂತ ಕೇಳಿ. ಗಿರಣಿ ಮುಷ್ಕರದ ದಿನಗಳಲ್ಲಿ ಒಲೆ ಹೇಗೆ ಉರಿಯಿತು ಅಂತ ನಿಮ್ಮ ಅವ್ವನನ್ನು ಕೇಳಿ. ಊರಿನ ಅಂಗನವಾಡಿ ಟೀಚರಮ್ಮ ಎಷ್ಟು ಸಲ ಬೆಂಗಳೂರಿನ ರಸ್ತೆಯಲ್ಲಿ ಮಲಗಿದ್ದಾಳೆ ಅಂತ ಕೇಳಿ. ಕೇಳಿದ್ದನ್ನು ಬರೆದಿಡಿ. ಯಾಕೆಂದರೆ ಆ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಜೊತೆ ಅರ್ಧ ಚರಿತ್ರೆ ಹೋಗುತ್ತಿದೆ. ಯೂನಿಯನ್ನಿನಲ್ಲಿರುವವರಿಗೆ ಇನ್ನೊಂದು ಮಾತು: ಮುಂದಿನ ಮೇ ಒಂದನೇ ತಾರೀಕು ಬಾವುಟ ಹಾರಿಸುವ ಹಗ್ಗವನ್ನು ಆ ಕೈಗಳಿಗೆ ಕೊಡಿ. ಮೀಟಿಂಗಿನ ಹೊತ್ತನ್ನೂ ಅವರನ್ನೇ ಕೇಳಿ ಇಡಿ.